ವಿಲ್ಫ್ ಟಿಂಡಲ್‌ನ ಮೊದಲ ಭಾಷಣ

ನಮ್ಮ ಸ್ಕಾರ್ವಿಕ್‌ನ ಎಂಪಿ ವಿಲ್ಫ್ ಟಿಂಡಲ್ ಮೊದಲ ಇಪ್ಪತ್ತಾರು ವರ್ಷ ಪಾರ್ಲಿಮೆಂಟಿನಲ್ಲಿ ಒಂದೇ ಒಂದು ಭಾಷಣ ಮಾಡದೆ ಕೂತಿದ್ದ ಎಂದು, ಅವನು ನಿವೃತ್ತನಾದಾಗ ಲಂಡನ್ನಿನ ಪತ್ರಿಕೆಯೊಂದು ಬರೆಯಿತು. ಮಾತು ನಿಜ. ಬರೆದ ಧಾಟಿ ಮಾತ್ರ ನನ್ನ ಪಿತ್ತ ಕೆರಳಿಸಿತು. ಬಾಯಿ ಬಿಡದವನು ಎಂದರೆ ಕೆಲಸಗೇಡಿ ಎಂದೇ ಆ ಬರೆದವನ ತಿಳಿವಳಿಕೆ. ಸಹಕಾರ ಸಂಘದ ಅಂಗಡಿಯ ಮೇಲಿನ ಕೋಣೆಯಲ್ಲಿ ವಿಲ್ಫ್‌ನ ಕಚೇರಿ ನಡೆಸಿದವಳು ನಾನು, ಡೋರೀನ್. ಅವನು ಏನು ಮಾಡಿದ, ಏನು ಮಾಡಲಿಲ್ಲ ಎಂಬುದು ನನಗೆ ಗೊತ್ತಿರುವಷ್ಟು ಅವನ ಹೆಂಡತಿಗೂ ಗೊತ್ತಿರಲಿಲ್ಲ.

ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಮೆಟ್ಟಿಲಿನ ಮೇಲೆ ಜನ ಸಾಲಾಗಿ ಕೂರುತ್ತಿದ್ದರು. ಸೋರುವ ಚಾವಣಿ, ಬಾರದ ಪಿಂಚಣಿ, ಜೈಲಿಗೆ ಹೋದ ಅಳಿಯ, ಪಕ್ಕದ ಮನೆಯವನ ಪಾರಿವಾಳಗಳ ಕಾಟ. ವಿಲ್ಫ್ ಎಲ್ಲರ ಮಾತನ್ನೂ ಪೂರ್ತಿ ಕೇಳುತ್ತಿದ್ದ. ಸೋಮವಾರ ಹೊಗೆ ಹಾಕಿದ ಮೀನಿನ ಪೊಟ್ಟಣ ಕಟ್ಟಿಕೊಂಡು ಲಂಡನ್ನಿನ ರೈಲು ಹತ್ತುತ್ತಿದ್ದ. ಪಾರ್ಲಿಮೆಂಟಿನ ಚಹಾ ಕೋಣೆಯಲ್ಲಿ ಬೇಕಾದ ಮಂತ್ರಿಯ ಪಕ್ಕಕ್ಕೇ ಹೋಗಿ ಕೂತು, ಅವನು ಎದ್ದು ಹೋಗಲಾರದಂತೆ ಮೂಲೆಗೆ ಒತ್ತಿಕೊಂಡು, ಮೊದಲು ಮೀನು ಕೊಟ್ಟು ಆಮೇಲೆ ಅಹವಾಲು ಹೇಳುತ್ತಿದ್ದ. ಹೀಗೆ ಊರಿಗೆ ಶಾಲೆಯ ಕಟ್ಟಡ ಬಂತು, ಬಂದರಿಗೆ ಹೊಸ ಕಟ್ಟೆ ಬಂತು. ಓಣಿಯಲ್ಲಿ ಹುಲಿ, ಸಭೆಯಲ್ಲಿ ಇಲಿ ಎಂದು ನಾನೇ ಅವನನ್ನು ಎಷ್ಟೋ ಸಲ ಹಂಗಿಸಿದ್ದೇನೆ.

ಸಭೆಯಲ್ಲಿ ಬಾಯಿ ಬಿಡದ್ದಕ್ಕೆ ಅವನಿಗೊಂದು ಕಾರಣವಿತ್ತು. ಅವನು ಗೆಲ್ಲುವ ಮುಂಚೆ ನಮ್ಮ ಎಂಪಿಯಾಗಿದ್ದವರು ಗುಡ್ಡದ ಮೇಲಿನ ದೊಡ್ಡ ಮನೆಯ ಸರ್ ಜೆರಾಲ್ಡ್ ಲ್ಯಾಸ್ಕಂ. ಅವರ ಕಾಲದ ಒಂದು ಚಳಿಗಾಲ 'ಮಾರ್ನಿಂಗ್ ಗ್ರೇಸ್' ಎಂಬ ಮೀನುದೋಣಿ ಹೋದದ್ದು ತಿರುಗಿ ಬರಲಿಲ್ಲ. ಅದರಲ್ಲಿದ್ದವರು ಬಹುಪಾಲು ನಮ್ಮ ಬಂದರು ಬೀದಿಯ ಹುಡುಗರು. ವಿಲ್ಫ್‌ನ ತಮ್ಮನೂ ಹೋದ. ದೋಣಿಯಲ್ಲಿ ರೇಡಿಯೊ ಇರಲಿಲ್ಲ, ವಿಚಾರಣೆ ಆಗಲಿ ಎಂದು ಊರು ಕೇಳಿತು. ಸರ್ ಜೆರಾಲ್ಡ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, "ಮೀನುಗಾರರ ಮನೆಯವರಿಗೆ ಸಮುದ್ರದ ಸಾವು ಹೊಸತಲ್ಲ, ಅವರು ಅದಕ್ಕೆ ಹೊಂದಿಕೊಂಡವರು," ಎಂದರು. ವಿಚಾರಣೆ ಅಲ್ಲಿಗೇ ಮಣ್ಣುಪಾಲಾಯಿತು. ಆ ಮಾತು ಮಾತ್ರ ನಮ್ಮ ಊರಲ್ಲಿ ಇವತ್ತಿಗೂ ಸತ್ತಿಲ್ಲ.

ಬಲೆ ಹೆಣೆಯುತ್ತಿದ್ದ ವಿಲ್ಫ್ ಅವರ ಎದುರು ಚುನಾವಣೆಗೆ ನಿಂತದ್ದು ಆ ಸಿಟ್ಟಿನಿಂದಲೇ. ಗೆದ್ದ ದಿನ ಮಧ್ಯಾಹ್ನ ಬಂದರು ಕಟ್ಟೆಯ ಮೇಲೆ, ಸತ್ತ ಹುಡುಗರ ತಾಯಂದಿರ ಎದುರಿಗೆ ಟೋಪಿ ತೆಗೆದು, "ಆ ಮನುಷ್ಯನ ಬಗ್ಗೆ ನನ್ನ ಬಾಯಿಂದ ಒಂದು ಒಳ್ಳೆ ಮಾತು ಬಂದ್ರೆ ಈ ನಾಲಿಗೆ ಬಿದ್ದು ಹೋಗ್ಲಿ," ಎಂದು ಪ್ರತಿಜ್ಞೆ ಮಾಡಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಲಂಡನ್ನಿಗೆ ಹೋದ ಮೇಲೆ ಅವನಿಗೆ ಪಾರ್ಲಿಮೆಂಟಿನ ಪದ್ಧತಿ ತಿಳಿಯಿತು. ಹೊಸ ಸದಸ್ಯನ ಮೊದಲ ಭಾಷಣಕ್ಕೆ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ. ಅದಕ್ಕೆ ಪ್ರತಿಯಾಗಿ ಅವನು ತನಗಿಂತ ಹಿಂದೆ ಆ ಊರಿನಿಂದ ಬಂದವನನ್ನು, ಅವನು ಎಂಥವನೇ ಆಗಿರಲಿ, ನಾಲ್ಕು ಒಳ್ಳೆಯ ಮಾತಿನಲ್ಲಿ ನೆನೆಯಬೇಕು. ಮೊದಲ ಭಾಷಣ ಆಗದೆ ಎರಡನೆಯದಿಲ್ಲ. ಇದು ಕಾನೂನಲ್ಲ, ಬರೀ ಪದ್ಧತಿ. ನಮ್ಮ ದೇಶದಲ್ಲಿ ಕಾನೂನು ಮುರಿದವನಿಗೆ ಕ್ಷಮೆಯುಂಟು, ಪದ್ಧತಿ ಮುರಿದವನಿಗಿಲ್ಲ.

"ಹೊಗಳೋದನ್ನ ಬಿಟ್ಟು ಮಾತಾಡಿಬಿಡೋ. ನೇಣು ಹಾಕ್ತಾರಾ?" ಎಂದು ನಾನು ಕೇಳಿದ್ದೆ.

"ಒಬ್ಬರ ಮನೆಗೆ ಊಟಕ್ಕೆ ಹೋದ್ಮೇಲೆ ಅವರ ಮನೆ ರೀತಿಗೆ ತಕ್ಕ ಹಾಗೆ ಕೂರಬೇಕು ಡೋರೀನ್. ಇಲ್ಲಾಂದ್ರೆ ಹೋಗಬಾರದು," ಎಂದಿದ್ದ.

ಚಾಪೆಲ್‌ನ ಕಟ್ಟುನಿಟ್ಟಿನ ಭಕ್ತರ ನಡುವೆ ಬೆಳೆದ ಮನುಷ್ಯ. ಪ್ರತಿಜ್ಞೆಯನ್ನೂ ಮುರಿಯಲಾರ, ಪದ್ಧತಿಯನ್ನೂ ಮುರಿಯಲಾರ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗುಮಾನಿಯೂ ನನಗಿತ್ತು. ಆ ದೊಡ್ಡ ಸಭೆ, ಆ ನಯನಾಜೂಕಿನ ಇಂಗ್ಲಿಷಿನ ಮಾತುಗಾರರು, ಅವನಿಗೆ ದಿಗಿಲು ಹುಟ್ಟಿಸುತ್ತಿದ್ದರು. ಪ್ರತಿಜ್ಞೆ ಅವನಿಗೆ ಒಳ್ಳೆಯ ಮರೆಯಾಗಿತ್ತು. ಊರೂ ಅವನ ಮೌನವನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿತ್ತು.

ಹಾಗೆಯೇ ಕಾಲ ಕಳೆದು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ನಮ್ಮ ಭೂಶಿರದ ಮೇಲಿನ ಚಿಕ್ಕ ಆಸ್ಪತ್ರೆಯನ್ನು ಮುಚ್ಚುತ್ತೇವೆ ಎಂದು ಸರ್ಕಾರ ಹೇಳಿತು. ಬೆಟ್ಟದಾಚೆಯ ಪಟ್ಟಣದಲ್ಲಿ ದೊಡ್ಡದಿದೆ, ಅಲ್ಲಿಗೇ ಹೋಗಿ ಎಂದಿತು. ಹಿಮ ಬಿದ್ದರೆ ಆ ದಾರಿಯಲ್ಲಿ ಕುರಿಯೂ ಹೋಗುವುದಿಲ್ಲ. ವಿಲ್ಫ್ ಮೀನು ಕಟ್ಟಿಕೊಂಡು ಮೂರು ಸಲ ಹೋಗಿ ಬಂದ. ಮಂತ್ರಿ ಎಳೆಯ ವಯಸ್ಸಿನವನು, ಮೀನು ತಿನ್ನದವನು. ಮೂರು ಸಲವೂ ನಕ್ಕು ಕಳಿಸಿದ.

ಕೊನೆಗೆ ಉಳಿದದ್ದು ಒಂದೇ ದಾರಿ. ಶುಕ್ರವಾರ ಮಧ್ಯಾಹ್ನ ಸಭೆ ಮುಗಿಯುವ ಮುನ್ನ ಅರ್ಧ ಗಂಟೆಯನ್ನು ಒಬ್ಬ ಸದಸ್ಯನಿಗೆ ಬಿಟ್ಟುಕೊಡುತ್ತಾರೆ. ಅವನು ತನ್ನ ಊರಿನ ಕಷ್ಟ ಹೇಳಬಹುದು, ಮಂತ್ರಿ ಎದ್ದು ಉತ್ತರ ಕೊಡಲೇಬೇಕು. ಯಾರಿಗೆ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ. ಒಂದು ದಿನ ವಿಲ್ಫ್ ಲಂಡನ್ನಿನಿಂದ ಫೋನ್ ಮಾಡಿದ. ದನಿ ಬಾವಿಯೊಳಗಿಂದ ಬಂದಂತಿತ್ತು.

"ಡೋರೀನ್, ಚೀಟೀಲಿ ನನ್ನ ಹೆಸರು ಬಂದುಬಿಡ್ತು."

"ಹಾಕಿದ್ಯಾಕೆ ಮತ್ತೆ?"

"ಬರೋದಿಲ್ಲ ಅಂತ ಹಾಕಿದೆ ಮಾರಾಯ್ತಿ. ಅಷ್ಟು ಜನರ ನಡುವೆ ನಂದು ಬರುತ್ತೆ ಅಂತ ಯಾರಿಗೆ ಗೊತ್ತು?"

"ಬಂದದ್ದು ಬಂತು. ಮಾತಾಡು."

"ಮಾತಾಡಬೇಕಾದ್ರೆ ಅವನನ್ನ ಹೊಗಳಬೇಕಲ್ಲ. ಹೊಗಳಿದ್ರೆ ತಾಯಂದಿರಿಗೆ ಮುಖ ಹೇಗೆ ತೋರಿಸ್ಲಿ? ಹೊಗಳದೆ ಕೂತ್ರೆ ಆಸ್ಪತ್ರೆ ಹೋಗುತ್ತೆ."

ಅವನು ಊರಿಗೆ ಬಂದ ದಿನ ನಾನೇ ಅವನ ತೋಳು ಹಿಡಿದು ಬಂದರು ಬೀದಿಗೆ ಎಳೆದುಕೊಂಡು ಹೋದೆ. ಆ ತಾಯಂದಿರಲ್ಲಿ ಬದುಕಿದ್ದವರು ಇಬ್ಬರೇ, ಆಗ್ನೆಸ್ ಪರ್ಡಿ ಮತ್ತು ಅವಳ ಪಕ್ಕದ ಮನೆಯ ನೋರಾ ಹೇಗ್. ನೋರಾ ಬೆಂಕಿ. ಸರ್ ಜೆರಾಲ್ಡ್‌ರ ಶವದ ಗಾಡಿ ಬೀದಿಯಲ್ಲಿ ಹೋದಾಗ ಅದರ ಗಾಜಿಗೆ ಉಗುಳಿದವಳು. ಅದಕ್ಕೇ ನಾವು ಮೊದಲು ಆಗ್ನೆಸ್ ಮನೆಗೆ ಹೋದೆವು. ಅವಳು ಅಡುಗೆಮನೆಯ ಒಲೆಯ ಪಕ್ಕ ಸ್ವೆಟರ್ ಹೆಣೆಯುತ್ತಾ ಕೂತಿದ್ದಳು.

"ಏನೋ ವಿಲ್ಫ್, ಮುಖ ಯಾಕೆ ಹಳಸಿದ ಮೀನಿನ ಹಾಗಾಗಿದೆ?"

"ನನ್ನನ್ನ ಆ ಪ್ರತಿಜ್ಞೆಯಿಂದ ಬಿಡಿಸು ಚಿಕ್ಕಮ್ಮ," ಎಂದು ಅವನು ಸಂಗತಿಯನ್ನೆಲ್ಲ ಹೇಳಿದ. "ನೀನು ಬಿಡಿಸಿದ್ರೂ ಕಷ್ಟಾನೇ. ಸುಳ್ಳು ಹೊಗಳೋಕೆ ನನ್ನ ನಾಲಿಗೆ ಏಳಲ್ಲ."

"ಸುಳ್ಳು ಹೇಳು ಅಂತ ಯಾರು ಅಂದ್ರು? ನಿಜ ಹೇಳು."

"ಅವನಲ್ಲಿ ಒಳ್ಳೇದು ಏನಿತ್ತು, ಹೇಳೋಕೆ?"

ಆಗ್ನೆಸ್ ಕಡ್ಡಿಗಳನ್ನು ಕೆಳಗಿಟ್ಟಳು. ಗೋಡೆಯಾಚೆ ನೋರಾ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆಗ್ನೆಸ್ ದನಿ ತಗ್ಗಿಸಿದಳು.

"ಅವನು ಎಲ್ಲಿ ಸತ್ತ, ಗೊತ್ತಾ?"

"ಪಟ್ಟಣದ ದೊಡ್ಡ ಆಸ್ಪತ್ರೇಲಿ ಅಂತಾರೆ."

"ಅಲ್ಲಿಗೆ ಹೊರಟಿದ್ದ. ಹಿಮ ಬಿದ್ದು ಗಾಡಿ ವಾಪಸ್ ಬಂತು. ನಮ್ಮ ಆಸ್ಪತ್ರೇಲೇ ಮಲಗಿಸಿದ್ರು, ಗಂಡಸರ ವಾರ್ಡಿನಲ್ಲಿ. ಆಚೆ ಮಂಚದಲ್ಲಿ ಕಾಲು ಮುರ್ಕೊಂಡ ದೋಣಿ ಅಡುಗೆಯೋನು. ಆ ಹಿಮದಲ್ಲಿ ಜೆರಾಲ್ಡ್ ಮನೆಯವರು ಯಾರೂ ಬರೋ ಹಾಗಿರಲಿಲ್ಲ. ಆಗ ನಾನು ಅಲ್ಲಿ ನೆಲ ಒರೆಸೋ ಕೆಲಸಕ್ಕಿದ್ದೆ. ಒಂದು ಸ್ವಲ್ಪ ಹೊತ್ತು ಕೂತ್ಕೋತೀರಾ ಅಂದ. ಕೂತೆ. ಕೈ ಹಿಡ್ಕೊಂಡ. ನೀವು ಯಾರು ಅಂದ. ಮಾರ್ನಿಂಗ್ ಗ್ರೇಸ್‌ನಲ್ಲಿ ಹೋದ ಹುಡುಗನ ತಾಯಿ ಅಂದೆ. ಈಗ ಕೈ ಬಿಡ್ತಾನೆ ಅಂದ್ಕೊಂಡೆ. ಬಿಡ್ಲಿಲ್ಲ ಕಣೋ. ಇನ್ನೂ ಗಟ್ಟಿಯಾಗಿ ಹಿಡ್ಕೊಂಡು ಅತ್ತ."

ನನಗೆ ತಡೆಯಲಾಗಲಿಲ್ಲ. "ನೀನು ಎದ್ದು ಬರಲಿಲ್ವಾ?" ಎಂದೆ.

"ಹೇಗೆ ಬರಲಿ? ಹೆದರಿದ್ದ ಕಣೇ. ಸಾಯೋನನ್ನ ಒಬ್ಬನೇ ಬಿಟ್ಟು ಬರೋಕಾಗುತ್ತಾ? ನನ್ನ ಮಗನ ಹತ್ರ ಯಾರೂ ಇರಲಿಲ್ಲ. ಅದೇ ಜ್ಞಾಪಕ ಬಂತು. ದೀಪ ಹಚ್ಚೋ ಹೊತ್ತಿಗೆ ಜೀವ ಹೋಯ್ತು."

ಒಲೆಯ ಇದ್ದಲು ಕುಸಿದ ಸದ್ದಾಯಿತು. ವಿಲ್ಫ್ ತನ್ನ ಟೋಪಿಯನ್ನು ಮಡಿಲಲ್ಲಿ ಹಿಂಡುತ್ತಾ ಕೂತಿದ್ದ.

"ಇದನ್ನ ಹೇಳ್ಲಾ ಚಿಕ್ಕಮ್ಮ? ನಿನ್ನ ಹೆಸರು ಬರುತ್ತೆ."

"ಹೇಳು. ಆಸ್ಪತ್ರೆ ಉಳಿಬೇಕು." ಅವಳು ಗೋಡೆಯ ಕಡೆ ನೋಡಿದಳು. "ನೋರಾಗೆ ಮಾತ್ರ ಇದು ಗೊತ್ತಿಲ್ಲ. ಗೊತ್ತಾದ್ಮೇಲೆ ಅವಳು ನನ್ನ ಮನೆ ಹೊಸ್ತಿಲು ತುಳಿಯಲ್ಲ. ಐವತ್ತು ವರ್ಷದ ಗೆಳೆತನ ಹೋಗುತ್ತೆ. ಹೋಗ್ಲಿ ಬಿಡು."

ಹೋಗಲಿ ಬಿಡು ಎಂದವಳು ಕಡ್ಡಿಗಳನ್ನು ಎತ್ತಿಕೊಂಡು, ಆಗಲೇ ಹೆಣೆದ ಸಾಲನ್ನು ಬಿಚ್ಚತೊಡಗಿದಳು.

ಆ ಶುಕ್ರವಾರ ನಾನು ಪಾರ್ಲಿಮೆಂಟಿನಲ್ಲಿ ಪ್ರೇಕ್ಷಕರ ಮಹಡಿಯಲ್ಲಿ ಕೂತಿದ್ದೆ. ಕೆಳಗೆ ಸಭೆ ಬಹುತೇಕ ಖಾಲಿ. ಉಳಿದ ನಾಲ್ಕು ಜನ ಆಕಳಿಸುತ್ತಿದ್ದರು. ವಿಲ್ಫ್ ಎದ್ದು ನಿಂತಾಗ, ಇದು ಅವನ ಮೊದಲ ಭಾಷಣ ಎಂಬ ಸುದ್ದಿ ಮೊಗಸಾಲೆಗಳಲ್ಲಿ ಹೇಗೆ ಹರಡಿತೋ, ಒಬ್ಬೊಬ್ಬರಾಗಿ ಒಳಗೆ ಬಂದು ಕೂರತೊಡಗಿದರು. ಇಪ್ಪತ್ತಾರು ವರ್ಷ ಅವನಿಂದ ಮೀನು ತಿಂದವರೆಲ್ಲ ಬಂದರು. ಅವನು ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ನನಗೆ ಮೇಲಿನಿಂದಲೇ ಕಾಣುತ್ತಿತ್ತು. ಬಿದ್ದುಬಿಡುತ್ತಾನೆ ಎಂದೇ ಹೆದರಿದ್ದೆ.

"ಅಧ್ಯಕ್ಷರೇ," ಎಂದು ಶುರುಮಾಡಿದ. "ನನಗಿಂತ ಹಿಂದೆ ನಮ್ಮ ಊರಿನಿಂದ ಬಂದವರ ಬಗ್ಗೆ ಒಳ್ಳೆಯ ಮಾತಾಡಬೇಕು ಅನ್ನೋದು ಇಲ್ಲಿನ ಪದ್ಧತಿ. ನನಗೆ ಆ ಮಾತು ಸಿಗೋಕೆ ಇಷ್ಟು ಕಾಲ ಹಿಡೀತು. ಸರ್ ಜೆರಾಲ್ಡ್ ಲ್ಯಾಸ್ಕಂ ಒಮ್ಮೆ ಇದೇ ಸಭೆಯಲ್ಲಿ, ನಮ್ಮ ಜನ ಸಾವಿಗೆ ಹೊಂದಿಕೊಂಡವರು ಅಂದಿದ್ರು. ಅದು ತಪ್ಪು. ತಪ್ಪು ಅಂತ ಅವರಿಗೇ ಗೊತ್ತಾಯ್ತು. ಗೊತ್ತಾದದ್ದು ಯಾವ ಆಸ್ಪತ್ರೆಯನ್ನ ನೀವು ಮುಚ್ಚಬೇಕು ಅಂತಿದ್ದೀರೋ ಅದರ ಒಂದು ಮಂಚದ ಮೇಲೆ."

ಆಮೇಲೆ ಆಗ್ನೆಸ್ ಹೇಳಿದ್ದನ್ನು ಒಂದು ಅಕ್ಷರ ಸೇರಿಸದೆ ಹೇಳಿದ. "ಅವಳು ಯಾರ ತಾಯಿ ಅಂತ ತಿಳಿದ ಮೇಲೂ ಅವರು ಕೈ ಬಿಡಲಿಲ್ಲ. ಅವರ ಬಗ್ಗೆ ನಾನು ಹೇಳಬಲ್ಲ ಒಳ್ಳೆ ಮಾತು ಇದು. ಮನಸ್ಸಾರೆ ಹೇಳ್ತೀನಿ. ಆವತ್ತು ಹಿಮದಲ್ಲಿ ಆ ಆಸ್ಪತ್ರೆ ಇರದಿದ್ರೆ ಅವರು ರಸ್ತೆ ಮೇಲೆ ಗಾಡಿಯೊಳಗೆ ಸಾಯ್ತಿದ್ರು. ಗುಡ್ಡದ ಮೇಲಿನವರಿಗೂ ಬಂದರಿನವರಿಗೂ ಇರೋದು ಅದೊಂದೇ ಮನೆ." ಇಷ್ಟು ಹೇಳಿ ಕೂತುಬಿಟ್ಟ. ಕೊಟ್ಟ ಸಮಯದಲ್ಲಿ ಅರ್ಧವೂ ಆಗಿರಲಿಲ್ಲ.

ಮೊದಲ ಭಾಷಣ ಮಾಡಿದವನನ್ನು ಅವನ ನಂತರ ಎದ್ದವನು ಅಭಿನಂದಿಸಬೇಕು ಎಂಬುದೂ ಪದ್ಧತಿಯೇ. ಆ ಎಳೆಯ ಮಂತ್ರಿ ತನ್ನ ತಂದೆಯ ವಯಸ್ಸಿನವನನ್ನು ಹೊಸ ಸದಸ್ಯನೆಂದು ಅಭಿನಂದಿಸಬೇಕಾಯಿತು. ಯಾರೂ ನಗಲಿಲ್ಲ. ಅವನು ಬರೆದು ತಂದಿದ್ದ ಉತ್ತರವನ್ನು ಸ್ವಲ್ಪ ಹೊತ್ತು ನೋಡಿ, ಮಡಚಿ ಜೇಬಿಗಿಟ್ಟ. "ಸ್ಕಾರ್ವಿಕ್ ಆಸ್ಪತ್ರೆಯನ್ನು ಮುಚ್ಚುವುದಿಲ್ಲ," ಎಂದ. ನನಗೆ ಹೋದ ಜೀವ ಬಂದ ಹಾಗಾಯಿತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಭುಜಕ್ಕೆ ಒರಗಿ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಊರಿಗೆ ಬರುವ ರೈಲಿನಲ್ಲಿ ವಿಲ್ಫ್‌ಗೆ ನೋರಾಳದೇ ಚಿಂತೆ. ಸುದ್ದಿ ರೇಡಿಯೊದಲ್ಲಿ ಬಂದಿದೆ, ಊರಿಗೆಲ್ಲ ಗೊತ್ತಾಗಿರುತ್ತದೆ. ನಿಲ್ದಾಣದಲ್ಲಿ ಜನ ಅವನ ಬೆನ್ನು ತಟ್ಟಿದರು, ಕೈ ಕುಲುಕಿದರು. ಅವನು ಹೂಂ ಹೂಂ ಎನ್ನುತ್ತಾ ನೇರವಾಗಿ ಬಂದರು ಬೀದಿಗೆ ನಡೆದ. ನಾನೂ ಹಿಂದೆಯೇ ಹೋದೆ. ಆಗ್ನೆಸ್ ಮನೆ ಬಾಗಿಲು ತೆರೆದಿತ್ತು. ಒಳಗೆ ಅವಳು ಚಹಾ ಬಗ್ಗಿಸಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ನಾವು ಹೊಸ್ತಿಲು ದಾಟುವಷ್ಟರಲ್ಲಿ ನಮ್ಮನ್ನು ಆಚೆ ಸರಿಸಿಕೊಂಡು ನೋರಾ ಒಳಗೆ ಬಂದಳು. ಬಂದವಳು ಮೇಜಿನ ಎದುರು ನಿಂತಳು, ಕೂರಲಿಲ್ಲ.

"ನಿಜಾನಾ?"

"ನಿಜ," ಎಂದಳು ಆಗ್ನೆಸ್. ತಲೆ ಎತ್ತಲಿಲ್ಲ.

"ಒಂದು ಕೇಳ್ತೀನಿ. ನಮ್ಮ ಹುಡುಗರ ಬಗ್ಗೆ ಅವನು ಏನಾದ್ರೂ ಅಂದ್ನಾ?"

"ಹೆಸರು ಕೇಳಿದ. ದೋಣೀಲಿದ್ದೋರೆಲ್ಲರ ಹೆಸರು. ನಾನು ಒಂದೊಂದೇ ಹೇಳ್ದೆ. ಅವನೂ ನನ್ನ ಹಿಂದೇನೇ ಒಂದೊಂದಾಗಿ ಹೇಳ್ದ."

"ನಮ್ಮ ಸಿಡ್‌ದೂ?"

"ಸಿಡ್‌ದೇ ಮೊದಲು ಹೇಳ್ದೆ ಕಣೇ. ನನ್ನ ಮಗನದು ಕೊನೇಗೆ."

ನೋರಾ ಕುರ್ಚಿ ಎಳೆದುಕೊಂಡು ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಮೇಜಿನ ಮೇಲಿಂದ ಆಗ್ನೆಸ್‌ಳ ಕೈ ಹಿಡಿದು ಜಗ್ಗಿದಳು. "ಇದನ್ನ ನನಗೆ ಹೇಳ್ದೆ ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀಯಲ್ಲೇ, ಪಾಪಿ ಮುಂಡೇದೆ."

ವಿಲ್ಫ್ ಬಾಗಿಲಲ್ಲೇ ಟೋಪಿ ಹಿಡಿದು ನಿಂತಿದ್ದ. ನೋರಾ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ನೀನೇನೋ ಕಂಬದ ಹಾಗೆ? ಬಾ, ಕೂತ್ಕೋ. ನೀನು ಮಾತಾಡಿದ್ದು ನಾನು ಕೇಳ್ಲಿಲ್ಲ. ಮೊದಲಿಂದ ಹೇಳು."

ವಿಲ್ಫ್ ಕೂತು, ಮೊದಲಿಂದ ಹೇಳಿದ.