ತೌರಿಗೆ ಕರೆಯಲು ಬಂದವರು

ಮೊದಲ ಹೆರಿಗೆಗೆ ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಸೋಮವಾರ ಬರಬೇಕಿತ್ತು. ದಂಡಿನಶಿವರದ ಗಂಡನ ಮನೆಯಲ್ಲಿ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಕಾದು ಕೂತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸೋಮವಾರ ಹೋಯಿತು, ಮಂಗಳವಾರವೂ ಹೋಯಿತು. "ರಾಗಿ ಕೊಯ್ಲು ನೋಡು, ಬಿಡುವಾಗಿರಾಕಿಲ್ಲ" ಎಂದು ಅತ್ತೆ ಸಮಾಧಾನ ಹೇಳಿದರು.

ಗುರುವಾರ ಮಧ್ಯಾಹ್ನ ಅಪ್ಪ, ಅವ್ವ ಇಬ್ಬರೂ ಬಂದರು. ಅಪ್ಪನ ಎಡಗೈಯನ್ನು ಹರಿದ ಪಂಚೆಯಲ್ಲಿ ಕುತ್ತಿಗೆಗೆ ಕಟ್ಟಿತ್ತು. ಅವ್ವನ ಕಂಕುಳಲ್ಲಿ ಒಂದು ಗಂಟು.

"ಎಲ್ಲಿಗೆ ಕರ್ಕೊಂಡೋಗ್ಲವ್ವ ನಿನ್ನ? ಹಟ್ಟೀನೇ ಇಲ್ಲ" ಅಂದ ಅಪ್ಪ.

ನನ್ನ ತೌರು ಶೆಟ್ಟಿಕೆರೆಯಿಂದಾಚೆ, ಗುಡ್ಡದ ಬುಡದಲ್ಲಿದ್ದ ಹದಿನೈದು ಮನೆಗಳ ಹಟ್ಟಿ. ಗುಡ್ಡದಲ್ಲಿ ಅದಿರು ಅಗೆಯುತ್ತಿದ್ದವರು ಜಾಗ ಬಿಡಿ ಎಂದು ಎರಡು ವರ್ಷದಿಂದ ಬೆದರಿಸುತ್ತಿದ್ದರು. ತಾತನ ಕಾಲದಿಂದ ಉಳುತ್ತಿದ್ದರೂ ಯಾರ ಕೈಯಲ್ಲೂ ಪತ್ರವಿರಲಿಲ್ಲ. ಭಾನುವಾರ ಬೆಳಿಗ್ಗೆ ಗುತ್ತಿಗೆದಾರನ ಆಳುಗಳು ಎರಡು ಲಾರಿಗಳಲ್ಲಿ ದೊಣ್ಣೆ ಹಿಡಿದು ಬಂದರಂತೆ. ಬಣವೆಗಳಿಗೆ ಬೆಂಕಿಯಿಟ್ಟು, ಹೆಂಚು ಒಡೆದು, ಕುಡಿಯುವ ನೀರಿನ ಬಾವಿಗೆ ಮಣ್ಣು ಸುರಿದರಂತೆ. ಅಡ್ಡ ಹೋದ ಅಪ್ಪನ ಕೈ ಮುರಿಯಿತು. ಠಾಣೆಯಲ್ಲಿ, ಮೊದಲು ಪತ್ರ ತೋರಿಸು ಅಂದರಂತೆ. ಹಟ್ಟಿಯವರು ನೆಂಟರಿದ್ದ ಕಡೆಗೆಲ್ಲ ಚದುರಿಹೋದರು.

"ಹೆರಿಗೆ ಇಲ್ಲೇ ಆಗ್ಲಿ ಬುಡಿ ಬೀಗ್ರೆ" ಅಂದರು ಅತ್ತೆ. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಅಪ್ಪ ಮಾರನೆಯ ದಿನವೇ ತೋಟಕ್ಕಿಳಿದು, ಒಂದೇ ಕೈಯಲ್ಲಿ ತೆಂಗಿನ ಗರಿ ಎಳೆದು ಒಟ್ಟತೊಡಗಿದ.

"ಬ್ಯಾಡಿ ಮಾವ" ಎಂದರು ನನ್ನ ಗಂಡ.

"ಮಗಳ ಮನೇಲಿ ಸುಮ್ನೆ ಕೂತ್ರೆ ಅನ್ನ ಇಳಿಯಾಕಿಲ್ಲ ಕಣಪ್ಪ."

ಮಧ್ಯಾಹ್ನ ಅಪ್ಪ ಜಗಲಿಯ ಮೇಲೆ ಆಳುಗಳ ಸಾಲಿನಲ್ಲಿ ಕೂತು ತಟ್ಟೆ ಮುಂದಿಟ್ಟುಕೊಂಡ. ಮುದ್ದೆ ಬಡಿಸಲು ಹೋದವಳು ನಾನೇ. ಅವನು ತಲೆ ಎತ್ತಲಿಲ್ಲ. ಆಗ ನನಗೆ ಸಿಟ್ಟು ಬಂದದ್ದು ಲಾರಿಯವರ ಮೇಲಲ್ಲ, ಅಪ್ಪನ ಮೇಲೆ. ಇದನ್ನು ಯಾರಿಗೂ ಹೇಳಿಲ್ಲ.

ಮಗಳು ಹುಟ್ಟಿ, ತೊಟ್ಟಿಲಿಗೆ ಹಾಕಿದ ಮೇಲೆ ಅಪ್ಪ, ಅವ್ವ ತಿಪಟೂರಿನ ಕೊಬ್ಬರಿ ಮಂಡಿಯೊಂದರ ಹಿಂದಿನ ಶೆಡ್ಡು ಸೇರಿಕೊಂಡರು. ಅವ್ವ ಕಾಯಿ ಒಡೆಯುವ ಕೆಲಸಕ್ಕೆ ಹೋದಳು. ಕೈ ಸರಿಯಾಗಿ ಕೂಡದ ಅಪ್ಪ ಕಾವಲಿಗೆ ಕೂತ. ಎರಡು ವರ್ಷದ ನಂತರ ಅಲ್ಲೇ ತೀರಿಕೊಂಡ. ಹಟ್ಟಿಯ ಹೊಲದಲ್ಲಿ, ತಾತನ ಪಕ್ಕದಲ್ಲಿ ಮಣ್ಣು ಮಾಡಬೇಕೆಂದು ಅವ್ವ ಅತ್ತಳು. ಆಗಲಿಲ್ಲ.

ಆಮೇಲೊಮ್ಮೆ ಶೆಟ್ಟಿಕೆರೆಯಲ್ಲಿ ಬಸ್ಸಿಳಿದು, ಮಗಳ ಕೈ ಹಿಡಿದು ನಡೆದೆ. ಹಟ್ಟಿ ಇದ್ದ ಕಡೆ ಅದಿರಿನ ರಾಶಿಗಳಿದ್ದವು. ನಮ್ಮ ಮನೆ ಎಲ್ಲಿತ್ತೆಂದು ಗುರುತೇ ಸಿಗಲಿಲ್ಲ.

"ಯಾರಮ್ಮ ನೀವು? ಇಲ್ಲೇನು ಕೆಲಸ?" ಎಂದ ಗಣಿಯ ಕಾವಲಿನವನು.

ಹುಟ್ಟಿದೂರು ಎನ್ನಲು ಬಾಯಿ ಬರಲಿಲ್ಲ. "ದಾರಿ ತಪ್ತು" ಎಂದು ಹಿಂದಕ್ಕೆ ಬಂದೆ.

ನಾನು ಅಲ್ಲಿಗೆ ಹೋಗಿಬಂದದ್ದು ಅವ್ವನಿಗೆ ತಿಳಿಯಿತು. "ಮನೆ ಹಿಂದ್ಲ ಹೊಂಗೆ ಮರ ಐತೇನೇ?" ಎಂದು ಕೇಳಿದಳು.

"ಐತೆ ಕಣವ್ವ, ಚಿಗುರೈತೆ" ಅಂದೆ.

"ಹಂಗಾರೆ ಯುಗಾದಿಗೆ ನೋಡ್ಕೊಂಡ್ ಬರಾನ."

ಒಂದೊಂದು ಯುಗಾದಿಗೂ ಒಂದೊಂದು ನೆಪ ಹೇಳಿದೆ. ಕೊನೆಕೊನೆಗೆ ಅವಳೇ ಕೇಳುವುದನ್ನು ನಿಲ್ಲಿಸಿದಳು.