ಥೂ ಮೇಸ್ತ್ರಿಯ ಹಿತ್ತಾಳೆ ಗೇಜು

ನಮ್ಮ ಭಾವನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ಥೂ ಮೇಸ್ತ್ರಿ. ಮಾದರಿ ರೈಲುಗಳ ಎಂಜಿನ್ ರಿಪೇರಿ ಅವರ ಕಸುಬು. ಯಾರಾದರೂ ಗೇಣುದ್ದದ ಎಂಜಿನ್ ತಂದು ಮೇಜಿನ ಮೇಲಿಟ್ಟರೆ ಸಾಕು, ಅದನ್ನು ಮಗುಚಿ ಹಾಕಿ, ಚಕ್ರಗಳ ಸಂದಿಯಿಂದ ಕೂದಲು, ನೂಲು, ಕಪ್ಪು ಜಿಡ್ಡು ಎಲ್ಲವನ್ನೂ ಚಿಮುಟದಲ್ಲಿ ಎಳೆದು ತಂದವರ ಮೂಗಿನ ಮುಂದೆಯೇ ಹಿಡಿದು 'ಥೂ' ಅನ್ನುತ್ತಿದ್ದರು. "ಇದೇನು ಎಂಜಿನ್ನೋ, ಬಚ್ಚಲ ಮೋರಿಯೋ?" ಜನ ಬೈಸಿಕೊಂಡು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಕೆಲಸ ಅಷ್ಟು ಚೊಕ್ಕ.

ಆ ಚೊಕ್ಕತನ ಕಂಡರೆ ನನಗೆ ಹೇಸಿಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನಬೇಡಿ. ಊಟಕ್ಕೆ ಕೂತರೆ ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಮನುಷ್ಯ ಅವರು. ನಮ್ಮ ಅಕ್ಕ ಇಪ್ಪತ್ತೆರಡು ವರ್ಷ ಆ ಲೋಟಗಳನ್ನು ಎರಡೆರಡು ಸಲ ತೊಳೆದಿದ್ದಾಳೆ.

ಅವರಿಬ್ಬರೂ ದುಡಿಯುತ್ತಿದ್ದದ್ದು ಒಂದೇ ಕಡೆ. ವಸ್ತುಸಂಗ್ರಹಾಲಯದ ಹಿಂಭಾಗದ ಹಾಲ್‌ನಲ್ಲಿ ಹನ್ನೆರಡು ಮೇಜು ಕೂಡಿಸಿ ಮಾಡಿದ ಮಾದರಿ ರೈಲುಮಾರ್ಗವಿದೆ. ಬಾಗಿಲಲ್ಲಿ ಟಿಕೆಟ್ ಹರಿಯುವವಳು ನಾನು. ಎಂಜಿನ್‌ಗಳು ಭಾವನವು, ಹಳಿ ಅಕ್ಕನದು. ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗಕ್ಕೆ ಪಾಯಿಂಟ್ ಅನ್ನುತ್ತಾರೆ. ಅಲ್ಲಿ ಹದಿನೆಂಟು ಪಾಯಿಂಟ್‌ಗಳಿವೆ. ಹದಿನೆಂಟನ್ನೂ ಅಕ್ಕ ಅರ ಹಿಡಿದು ಉಜ್ಜಿ, ಬೆಸುಗೆ ಹಾಕಿ, ಕೈಯಾರೆ ಮಾಡಿದ್ದಳು. ಪಾಯಿಂಟಿನ ನಡುವೆ ಹಳಿಗಳು ಒಂದನ್ನೊಂದು ದಾಟುವ ಕಡೆ ಸಣ್ಣ ಕಂಡಿಯೊಂದು ಇರಲೇಬೇಕು. ಚಕ್ರ ಆ ಕಂಡಿಯಲ್ಲಿ ದಾರಿ ತಪ್ಪದಂತೆ ಎದುರು ಬದಿಯಲ್ಲಿ ಬೆರಳುದ್ದದ ಕಾವಲು ಹಳಿ ಇರುತ್ತದೆ. ಅದು ಆಚೆ ಚಕ್ರದ ಬೆನ್ನನ್ನು ಹಿಡಿದುಕೊಂಡು ಈಚೆಯದನ್ನು ಸರಿಯಾಗಿ ದಾಟಿಸುತ್ತದೆ. ಆ ಕಾವಲು ಹಳಿ ಕೂರಿಸುವಾಗ ಅಕ್ಕ ಉಸಿರು ಬಿಗಿಹಿಡಿಯುತ್ತಿದ್ದಳು.

ಭಾವನ ಹತ್ತಿರ ಇದ್ದದ್ದು ಒಂದು ಹಿತ್ತಾಳೆ ತುಂಡು. ಅದೇ ಗೇಜು. ಎರಡು ಚಕ್ರಗಳ ನಡುವೆ ಅದು ಬಿಗಿಯಾಗಿ ಕೂತರೆ ಅಂತರ ಸರಿ ಎಂದರ್ಥ. ಕಸುಬು ಕಲಿಸಿದ ಗುರುಗಳು ಮದುವೆಯ ವರ್ಷ ಕೊಟ್ಟದ್ದು. ತಿಂಗಳಿಗೊಮ್ಮೆ ಎಲ್ಲ ಎಂಜಿನ್‌ಗಳ ಚಕ್ರ ಬಿಚ್ಚಿ, ತೊಳೆದು, ಆ ಗೇಜು ಇಟ್ಟು ಮತ್ತೆ ಕೂರಿಸುತ್ತಿದ್ದರು. ಗೇಜಿಗೆ ಕೊಳೆ ಹತ್ತಿದರೆ ಅಳತೆ ಸುಳ್ಳಾಗುತ್ತದೆ ಎಂದು ದಿನಾ ಬೆಳಿಗ್ಗೆ ಅದನ್ನು ನಯವಾದ ಉಜ್ಜುಕಾಗದದ ಮೇಲೆ ಎರಡೂ ಮಗ್ಗುಲು ನಾಲ್ಕು ನಾಲ್ಕು ಸಲ ತಿಕ್ಕುವರು. ನಾನು ಹಲ್ಲುಜ್ಜುವುದು ತಪ್ಪಿದ್ದುಂಟು, ಅವರು ಗೇಜು ಉಜ್ಜುವುದು ತಪ್ಪಿದ್ದಿಲ್ಲ.

ಹೋದ ವರ್ಷ ಎಂಜಿನ್‌ಗಳು ಪಾಯಿಂಟ್‌ಗಳ ಮೇಲೆ ಹಳಿ ತಪ್ಪತೊಡಗಿದವು. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೆ ಹತ್ತು. ನೇರ ಹಳಿಯಲ್ಲಿ ರಾಜನ ಹಾಗೆ ಬರುತ್ತಿದ್ದ ಎಂಜಿನ್ ಕಾವಲು ಹಳಿ ಸಿಕ್ಕಿದೊಡನೆ ಎಡವಿ ಮಗ್ಗುಲಾಗುತ್ತಿತ್ತು. ಮಕ್ಕಳು ನಗುತ್ತಿದ್ದರು. ಭಾವ ಎಲ್ಲರೆದುರಿಗೇ ಅಕ್ಕನ ಪಾಯಿಂಟಿನ ಮೇಲೆ ಬಗ್ಗಿ 'ಥೂ' ಅಂದರು.

"ಕಾವಲು ಹಳಿ ಒತ್ತಾಗಿ ಕೂರ್ಸಿದೀಯ. ಚಕ್ರ ಹೋಗೋದಾದ್ರೂ ಎಲ್ಲಿ?"

"ಅಳತೆ ಅದೇ ರೀ. ನಾನೇನೂ ಬದಲಾಯಿಸಿಲ್ಲ."

"ಹಂಗಾದ್ರೆ ನನ್ನ ಚಕ್ರ ಬದಲಾಗಿದ್ಯಾ? ಗೇಜು ಇಟ್ಟು ತೋರಿಸ್ಲಾ?"

ತೋರಿಸಿದರು. ಗೇಜು ಬಿಗಿಯಾಗಿ ಕೂತಿತು.

ಇಲ್ಲಿ ನನಗೆ ಅಕ್ಕನ ಮೇಲೂ ಸಿಟ್ಟು. ತಾನು ಮಾಡಿದ್ದು ಸರಿ ಎಂದು ಕಣ್ಣು ಹೇಳುತ್ತಿದ್ದರೂ ಗಂಡನ ಥೂಗೆ ಹೆದರಿ ಅರ ಎತ್ತಿಕೊಂಡಳು. ಒಂದೊಂದೇ ಕಾವಲು ಹಳಿ ಉಜ್ಜಿ ತೆಳುವು ಮಾಡಿದಳು. ಆರು ಪಾಯಿಂಟ್ ಆಯಿತು. ಆ ಆರರ ಮೇಲೆ ಎಂಜಿನ್‌ಗಳು ದಾಟಿದವು. "ನೋಡಿದ್ರಾ?" ಎಂದು ಭಾವ ಹಾಲ್ ತುಂಬ ಹೇಳಿಕೊಂಡು ಬಂದರು. ಏಳನೆಯದಕ್ಕೆ ಅರ ಹಚ್ಚಲು ಅಕ್ಕನ ಕೈ ಏಳಲಿಲ್ಲ. ಅರ ಕೆಳಗಿಟ್ಟು ಎದ್ದು ಹೋದಳು.

ಭಾವನ ಮಾತು ವಸ್ತುಸಂಗ್ರಹಾಲಯದ ಸೂಪರಿಂಟೆಂಡೆಂಟರ ಕಿವಿಗೆ ಬಿತ್ತು. ಸೋಮವಾರ ಆಳುಗಳನ್ನು ಕರೆಸಿ ಹದಿನೆಂಟು ಪಾಯಿಂಟನ್ನೂ ಕಿತ್ತು ಎಸೆಯುವುದು, ಕಾರ್ಖಾನೆಯ ಪ್ಲಾಸ್ಟಿಕ್ ಪಾಯಿಂಟ್ ಹಾಕುವುದು, ಅಕ್ಕ ಇನ್ನು ಬರಬೇಕಾಗಿಲ್ಲ ಎಂದು ತೀರ್ಮಾನವಾಯಿತು. ಮನೆಯಲ್ಲಿ ಭಾವ ಅಂದು ಲೋಟವನ್ನು ಬೆಳಕಿಗೆ ಹಿಡಿದು ನೋಡಿ ನೀರು ಕುಡಿದರು. ನನಗೆ ಆ ಲೋಟ ಕಿತ್ತು ಅವರ ತಲೆಗೆ ಕುಕ್ಕಬೇಕೆನಿಸಿತು.

ಶನಿವಾರ ಹಾಲ್‌ಗೆ ರಜೆ. ಅಕ್ಕ ನನ್ನ ಹತ್ತಿರ ಗಾಜಿನ ಪೆಟ್ಟಿಗೆಯ ಬೀಗದ ಕೈ ಕೇಳಿದಳು. ಅದರೊಳಗೆ ಯಾರೋ ದಾನ ಕೊಟ್ಟ ಹಸಿರು ಎಂಜಿನ್ ಇತ್ತು. ಬಂದಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ, ಭಾವನೂ ಸೇರಿ.

"ನಾಳಿದ್ದು ಹೇಗೂ ಕೀಳ್ತಾರೆ ಕಣೇ. ಒಂದ್ಸಲ ಇದನ್ನ ಓಡ್ಸಿ ನೋಡ್ತೀನಿ."

ಓಡಿಸಿದಳು. ಅಕ್ಕ ಅರ ಮುಟ್ಟಿಸದ ಹನ್ನೆರಡು ಪಾಯಿಂಟ್‌ಗಳನ್ನೂ ಅದು ಒಂದಿಷ್ಟೂ ಅಲುಗದೆ ದಾಟಿತು. ಉಜ್ಜಿದ ಆರಕ್ಕೆ ಬಂದಾಗ, ತೆಳುವಾದ ಕಾವಲು ಹಳಿ ಚಕ್ರದ ಬೆನ್ನು ಹಿಡಿಯದೆ, ಆರರಲ್ಲೂ ಬಿತ್ತು. ಅಕ್ಕ ಭಾವನನ್ನು ಕರೆಸಿ, "ರೀ, ನಿಮ್ಮ ಗೇಜು ಕೊಡಿ" ಅಂದಳು. ಹಸಿರು ಎಂಜಿನ್ನಿನ ಚಕ್ರಗಳ ನಡುವೆ ಅದನ್ನಿಟ್ಟಳು.

ಬಿಗಿಯಾಗಿ ಕೂರಬೇಕಾದ ಗೇಜು ಸಡಿಲ ಹಲ್ಲಿನ ಹಾಗೆ ಅಲ್ಲಾಡಿತು.

ಇಪ್ಪತ್ತೆರಡು ವರ್ಷ ದಿನಾ ತಿಕ್ಕಿ ತಿಕ್ಕಿ ಭಾವ ಅದನ್ನು ಸವೆಸಿಬಿಟ್ಟಿದ್ದರು. ಸವೆದ ಗೇಜಿಟ್ಟು ಕೂರಿಸಿದ ಚಕ್ರಗಳೆಲ್ಲ ಒಂದಕ್ಕೊಂದು ಹತ್ತಿರವಾಗಿ ಕಾವಲು ಹಳಿಗೆ ಸಿಕ್ಕಿಕೊಂಡು ಅದರ ಮೇಲೆ ಹತ್ತುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುತ್ತಾರಲ್ಲ, ಇಲ್ಲಿ ಕುಣಿಯಲಾರದವನು ನೆಲವನ್ನೇ ಅಗೆಸಿದ್ದ. ಭಾವ ಗೇಜು ಎತ್ತಿ ನೋಡಿದರು, ಮತ್ತೆ ಇಟ್ಟು ನೋಡಿದರು. ಬಾಯಿಂದ ಥೂ ಬರಲಿಲ್ಲ. ಗೇಜನ್ನು ಜೇಬಿಗಿಟ್ಟು ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಲೇತ್ ಅಂಗಡಿಯವರ ಹತ್ತಿರ ಹಸಿರು ಎಂಜಿನ್ನಿನ ಅಳತೆಗೆ ಹೊಸ ಗೇಜು ಮಾಡಿಸಿಕೊಂಡು ಬಂದು, ಇಡೀ ದಿನ ಕೂತು ಎಲ್ಲ ಎಂಜಿನ್‌ಗಳ ಚಕ್ರ ಸರಿಮಾಡಿದರು.

ಸೋಮವಾರ ಸೂಪರಿಂಟೆಂಡೆಂಟರು ಇಬ್ಬರು ಆಳುಗಳೊಂದಿಗೆ ಬಂದರು. "ಕೀಳೋ ಮೊದ್ಲು ಒಂದ್ಸಲ ನೋಡಿ ಸಾರ್" ಎಂದು ಭಾವ ಎಂಜಿನ್‌ಗಳನ್ನು ಬಿಟ್ಟರು. ಹನ್ನೆರಡು ಪಾಯಿಂಟ್ ಸಲೀಸಾಗಿ ದಾಟಿದವು. ಆರರ ಮೇಲೆ ಧೊಪಧೊಪ ಬಿದ್ದವು.

ಸೂಪರಿಂಟೆಂಡೆಂಟರು ನಕ್ಕರು. "ಮೇಸ್ತ್ರಿ, ನೀವು ಹೇಳಿದ್ದೇ ಸರಿಯಾಯ್ತು ನೋಡಿ. ಕೆಟ್ಟಿರೋದು ಪಾಯಿಂಟೇ. ಈಗ ನಿಮ್ಮ ಮನೆಯೋರೂ ಕಣ್ಣಾರೆ ನೋಡಿದ್ರಲ್ಲ."

ಅಕ್ಕ ಸೆರಗಿನ ತುದಿ ಹಿಡಿದು ನೆಲ ನೋಡುತ್ತಿದ್ದಳು. ಭಾವ ತಲೆಯಾಡಿಸಿದ್ದರೆ ಸಾಕಿತ್ತು, ಅವರ ಮರ್ಯಾದೆ ಉಳಿಯುತ್ತಿತ್ತು. ಆಳೊಬ್ಬ ಇಕ್ಕಳ ತೆಗೆದ. ಭಾವನ ಕೈ ಜೇಬಿಗೆ ಹೋಯಿತು. ಹಳೆಯ ಗೇಜನ್ನು ತೆಗೆದು ಸೂಪರಿಂಟೆಂಡೆಂಟರ ಮುಂದಿಟ್ಟರು.

"ಸಾರ್, ತಪ್ಪು ಈ ಗೇಜಿಂದು. ಉಜ್ಜಿ ಉಜ್ಜಿ ಸವೆಸಿದೋನು ನಾನು. ಇವಳ ಪಾಯಿಂಟ್ ಹದಿನೆಂಟೂ ಸರಿಯಾಗೇ ಇತ್ತು. ನಾನು ಥೂ ಅಂದೆ ಅಂತ ಇವಳು ಆರನ್ನ ಕೆಡಿಸ್ಕೊಂಡ್ಲು. ಆ ಆರೂ ನನ್ನ ಲೆಕ್ಕ."

ಆಳುಗಳು ವಾಪಸ್ಸಾದರು. ಆರು ಪಾಯಿಂಟ್‌ಗಳನ್ನು ಭಾವನೇ ಮಂಡಿಯೂರಿ ಕಿತ್ತರು, ಅಕ್ಕ ಮೂರು ವಾರ ಕೂತು ಹೊಸದು ಮಾಡಿದಳು. ಇಷ್ಟಕ್ಕೇ ನಾನು ಕ್ಷಮಿಸಿದೆ ಎಂದುಕೊಳ್ಳಬೇಡಿ. ಒಂದು ವರ್ಷದ ಥೂ ಒಂದು ಬೆಳಗಿನಲ್ಲಿ ತೊಳೆದುಹೋಗುವುದಿಲ್ಲ.

ಕೊನೆಯ ಪಾಯಿಂಟ್ ಕೂರಿಸಿದ ಮರುದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಭಾವ ಉಜ್ಜುಕಾಗದ ಹಾಸಿ, ಹೊಸ ಗೇಜು ಹಿಡಿದು ಕೂತಿದ್ದರು. ಅಕ್ಕ ಒಳಗಿನಿಂದ ಬಂದು ಗೇಜನ್ನು ಅವರ ಕೈಯಿಂದ ತೆಗೆದುಕೊಂಡಳು.

"ಕೊಳೆಯಾಗಿದೆ ಕಣೇ, ಬೆರಳಿನ ಗುರುತು ನೋಡು" ಅಂದರು ಭಾವ.

"ಆಗ್ಲಿ ಬಿಡಿ" ಎಂದು ಅಕ್ಕ ಅದನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.