ಭಾವನ ಜೇಬಿನ ಡಿಸ್ಕು

ನನ್ನ ಭಾವನಿಗೆ ನಾನಿಟ್ಟ ಹೆಸರು ಜೇಬುಪಂಡಿತ. ಎದುರಿಗೆ ಹೇಳುವುದಿಲ್ಲ, ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ. ಇಲ್ಲಿ ಅವರಿಗೆ ಬಹುವಚನ ಕೊಡುತ್ತಿರುವುದು ಕೂಡ ಅಭ್ಯಾಸಬಲದಿಂದಲೇ ಹೊರತು ಯೋಗ್ಯತೆ ನೋಡಿ ಅಲ್ಲ.

ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಡಿಸ್ಕು, ಅದರೊಳಗೆ ಲಿನಕ್ಸ್, ಅಂದರೆ ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. "ಕಂಪ್ಯೂಟರ್ ಯಾರದ್ದಾದ್ರೇನು, ಇದನ್ನ ಚುಚ್ಚಿದ್ರೆ ಅದು ನಂದು" ಎಂದು ಬಂದವರಿಗೆಲ್ಲ ಜೇಬು ತಟ್ಟಿ ತೋರಿಸುತ್ತಾರೆ. ಕೆಲಸ ಮಾಡುವುದು ಒಂದು ಆಫೀಸಿನ ಟಪಾಲು ವಿಭಾಗದಲ್ಲಿ. ಲಕೋಟೆಗೆ ಗೋಂದು ಹಚ್ಚುವ ಆ ಮೇಜಿನ ಮೇಲೆ ಕಂಪ್ಯೂಟರೇ ಇಲ್ಲ. ಆದರೂ ಡಿಸ್ಕು ದಿನಾ ಆಫೀಸಿಗೆ ಹೋಗಿ ಬರುತ್ತದೆ, ಸಂಬಳವಿಲ್ಲದ ನೌಕರನ ಹಾಗೆ.

ಮನೆಯಲ್ಲಿರುವ ಒಂದೇ ಲ್ಯಾಪ್‌ಟಾಪ್ ಅಕ್ಕನದು. ಅವಳು ದಂತವೈದ್ಯರಿಗಾಗಿ ಕಟ್ಟುಹಲ್ಲುಗಳ ವಿನ್ಯಾಸ ಮಾಡುತ್ತಾಳೆ. ಊಟದ ಮೇಜಿನ ಒಂದು ತುದಿಯಲ್ಲಿ ತಟ್ಟೆಗಳು, ಇನ್ನೊಂದು ತುದಿಯಲ್ಲಿ ಪ್ಲಾಸ್ಟರಿನ ದವಡೆಗಳು. ಅವಳ ಲ್ಯಾಪ್‌ಟಾಪಿಗೆ ಡಿಸ್ಕು ಚುಚ್ಚಿ, ಆ ಡಿಸ್ಕಿಗೆ ಮೊದಲ ಸಲ ಲಿನಕ್ಸ್ ತುಂಬಿಕೊಳ್ಳುವಾಗ ಭಾವ, "ನಿಂದೊಂದು ಕೂದಲೂ ಕೊಂಕಲ್ಲ" ಎಂದಿದ್ದರು. ಎಡವಟ್ಟಾದದ್ದು ಅಲ್ಲೇ. ಯಂತ್ರ ಚಾಲೂ ಆದೊಡನೆ ಎಲ್ಲಿಂದ ಶುರುಮಾಡಬೇಕೆಂದು ದಾರಿ ತೋರಿಸುವ ಪುಟ್ಟ ಪ್ರೋಗ್ರಾಂ ಒಂದಿದೆ, ಬೂಟ್ ಲೋಡರ್ ಅಂತ. ಪಂಡಿತರು ಅದನ್ನು ತಮ್ಮ ಡಿಸ್ಕಿನಲ್ಲಿ ಕೂರಿಸುವ ಬದಲು ಅಕ್ಕನ ಲ್ಯಾಪ್‌ಟಾಪಿನೊಳಗೆ ಕೂರಿಸಿದರು. ಅದು ಎದ್ದ ತಕ್ಷಣ ಭಾವನ ಡಿಸ್ಕನ್ನೇ ಹುಡುಕುತ್ತದೆ. ಸಿಗಲಿಲ್ಲವೋ, ಕಪ್ಪು ಪರದೆ, ಮೂಲೆಯಲ್ಲಿ ಆ ಬೂಟ್ ಲೋಡರಿನ ಹೆಸರು, ಗ್ರಬ್ ಎಂಬ ಒಂದು ಪದ.

ಅಂದಿನಿಂದ ಮನೆಯಲ್ಲಿ ಹೊಸ ಪದ್ಧತಿ. ಬೆಳಗ್ಗೆ ಅಕ್ಕ "ರೀ, ಸ್ವಲ್ಪ ಬನ್ನಿ" ಎಂದು ಕರೆಯಬೇಕು. ಭಾವ ಕನ್ನಡಕ ಏರಿಸಿ ಬಂದು, ಡಿಸ್ಕು ಚುಚ್ಚಿ, ಪಟ್ಟಿಯಲ್ಲಿ ವಿಂಡೋಸ್ ಆರಿಸಿ, ಡಿಸ್ಕನ್ನು ಮತ್ತೆ ಜೇಬಿಗಿಳಿಸಿ ಆಫೀಸಿಗೆ ಹೊರಡಬೇಕು. ಅವರು ಬರುವವರೆಗೆ ಅಕ್ಕ ಲ್ಯಾಪ್‌ಟಾಪ್ ಆಫ್ ಮಾಡುವ ಹಾಗಿಲ್ಲ. ಸರಿಮಾಡಿ ಎಂದರೆ, "ಅದೇನು ನಲ್ಲಿ ರಿಪೇರಿನಾ? ಅಧ್ಯಯನ ನಡೀತಿದೆ" ಎನ್ನುತ್ತಿದ್ದರು. ಅಧ್ಯಯನವಂತೆ, ನನ್ನ ತಲೆ.

ಹೀಗಿರುವಾಗ ಅಕ್ಕನಿಗೆ ಒಂದು ಅವಕಾಶ ಬಂತು. ಅವಳಿಗೆ ಕೆಲಸ ಕೊಡುವ ಡಾಕ್ಟರಮ್ಮ ಇನ್ನಿಬ್ಬರು ವೈದ್ಯರೊಂದಿಗೆ ಸೇರಿ ದೊಡ್ಡ ಆಸ್ಪತ್ರೆ ತೆರೆಯುವವರಿದ್ದರು. ಅವರ ಮುಂದೆ ಕೂತು ಒಂದು ದವಡೆಯ ಹಲ್ಲುಗಳ ವಿನ್ಯಾಸ ಮಾಡಿ ತೋರಿಸಿದರೆ ವಿನ್ಯಾಸದ ಕೆಲಸವೆಲ್ಲ ಅಕ್ಕನಿಗೆ. ಊಟದ ಮೇಜು ಬಿಟ್ಟು ತನ್ನದೇ ಕೋಣೆಯಲ್ಲಿ ಕೂರಬೇಕೆಂಬುದು ಅವಳ ಬಹುಕಾಲದ ಆಸೆ. "ಇವತ್ತೊಂದಿನ ಆ ಡಿಸ್ಕು ನನ್ನ ಹತ್ರ ಇರ್ಲಿ" ಎಂದು ಕೇಳಿದಳು. "ಕಳೆದುಹೋದ್ರೆ? ಬ್ಯಾಟರಿ ತುಂಬಾ ಇದೆ, ಏನೂ ಆಗಲ್ಲ ಹೋಗು" ಎಂದರು ಭಾವ.

ಆಫ್ ಮಾಡದೆ ಒಯ್ದ ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿ ಬಸ್ಸಿನಲ್ಲೇ ಕೈಕೊಟ್ಟಿತು. ಅಚ್ಚುಗಳ ಪೆಟ್ಟಿಗೆ ಹಿಡಿದು ಜೊತೆಗೆ ನಾನೂ ಹೋಗಿದ್ದೆ. ಹೊಸ ಆಸ್ಪತ್ರೆಯ ಕೋಣೆಯಲ್ಲಿ ಅಕ್ಕ ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಗ್ರಬ್. ಮೂವರು ವೈದ್ಯರು ಪರದೆ ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು. ಅವಳು ಹೊರಗೆ ಹೋಗಿ ಫೋನ್ ಮಾಡಿದಳು.

ಭಾವ ಬಂದರು, ನಿಧಾನವಾಗಿ, ಮದುವೆ ಗಂಡಿನ ಠೀವಿಯಲ್ಲಿ. ಡಿಸ್ಕು ಚುಚ್ಚಿದರು. ಪಟ್ಟಿ ಬಂತು. ಅಷ್ಟಕ್ಕೇ ಸುಮ್ಮನಾಗದೆ ವೈದ್ಯರ ಕಡೆ ತಿರುಗಿ ಲಿನಕ್ಸಿನ ಹಿರಿಮೆ ಕೊಚ್ಚಲು ಶುರುಮಾಡಿದರು. ಡಾಕ್ಟರಮ್ಮ ಕೈಗಡಿಯಾರ ನೋಡಿಕೊಂಡು ಅಕ್ಕನನ್ನು ಕೇಳಿದರು: "ನಿಮ್ಮ ಯಜಮಾನ್ರು ಬರೋವರೆಗೂ ನಮ್ಮ ಪೇಷೆಂಟು ಬಾಯಿ ತೆಕ್ಕೊಂಡು ಕೂತಿರಬೇಕಾ?"

ಉಳಿದಿಬ್ಬರು ನಕ್ಕರು. ಭಾವನೂ ನಕ್ಕರು, ಅದನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಕೆಲಸ ಬೇರೆಯವರ ಪಾಲಾಯಿತು.

ಮನೆಗೆ ಬಂದು ಅಕ್ಕ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟಳು. "ಸರಿಮಾಡಿ" ಎಂದಳು, ಅಷ್ಟೇ. ಭಾವ ಡಿಸ್ಕು ಚುಚ್ಚಿ, ಲಿನಕ್ಸ್ ತೆರೆದು, ಒಂದೆರಡು ಸಾಲು ಟೈಪಿಸಿ ಬೂಟ್ ಲೋಡರನ್ನು ತಮ್ಮ ಡಿಸ್ಕಿನಲ್ಲೇ ಕೂರಿಸಿದರು. ಯಂತ್ರದ ಸೆಟ್ಟಿಂಗಿಗೆ ಹೋಗಿ ವಿಂಡೋಸನ್ನು ಮೊದಲ ಸ್ಥಾನಕ್ಕೆ ತಂದರು. ಡಿಸ್ಕು ಕಿತ್ತು ಗುಂಡಿ ಒತ್ತಿದರು. ಅಕ್ಕನ ಕೆಲಸದ ಪರದೆ ತಾನಾಗಿ ತೆರೆದುಕೊಂಡಿತು. ಒಲೆಯ ಮೇಲಿಟ್ಟ ಹಾಲು ಇನ್ನೂ ಉಕ್ಕಿರಲಿಲ್ಲ.

ಕೈ ಒಂದು ಕಡೆಯೂ ತಡವರಿಸಿರಲಿಲ್ಲ. ಹುಡುಕಲಿಲ್ಲ, ಓದಲಿಲ್ಲ.

"ಮೊದ್ಲೇ ಗೊತ್ತಿತ್ತಾ ನಿಮಗೆ?" ಅಕ್ಕ ಕೇಳಿದಳು.

ಭಾವ ಡಿಸ್ಕಿನ ವೈರನ್ನು ಬೆರಳಿಗೆ ಸುತ್ತುತ್ತ ಕೂತರು. "ಎರಡನೇ ದಿನಾನೇ ಗೊತ್ತಾಯ್ತು. ಸರಿಮಾಡಿಬಿಟ್ಟಿದ್ರೆ ದಿನಾ ಬೆಳಗ್ಗೆ ನನ್ನ ಕರೀತಿದ್ದೆಯಾ ನೀನು? ಆಫೀಸಲ್ಲೂ ಯಾರೂ ಕರೆಯಲ್ಲ."

ಒಂದು ಕ್ಷಣ ನನಗೆ ಅಯ್ಯೋ ಅನ್ನಿಸಿತು. ಆ ಮನುಷ್ಯನಿಗಾಗಿ ಹಾಗನ್ನಿಸಿದ್ದಕ್ಕೇ ಇನ್ನಷ್ಟು ಮೈ ಉರಿಯಿತು.

ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಎದೆಗವಚಿಕೊಂಡಳು. "ಏನೂ ಕೆಡಿಸದೆ ಇದ್ದಿದ್ರೂ ಕರೀತಿದ್ದೆ" ಎಂದಳು. "ಇನ್ಮೇಲೆ ಕರೆಯೋಕೆ ಮನಸ್ಸು ಬರಲ್ಲ."